ಲಂಡನ್ನಿನ ಮೊದಲ ಮೆಟ್ಟಿಲು ಈಗ ಔಟರ್ ರಿಂಗ್ ರೋಡಿನಲ್ಲಿದೆ: ಎಚ್‌ಆರ್ ಓದಲು ವಿದೇಶಕ್ಕೆ ಹೊರಟವರಿಗೆ

ಮೇ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಕರೆಗಳು ಶುರುವಾಗುತ್ತವೆ. "ನಮ್ಮ ಹುಡುಗಿ ಎಂಬಿಎ ಎಚ್‌ಆರ್ ಮುಗಿಸಿದಾಳೆ ಕಣಪ್ಪ. ಲಂಡನ್ನಿಗೆ ಕಳಿಸೋಣ ಅಂತಿದೀವಿ. ಅಲ್ಲಿ ಎಚ್‌ಆರ್‌ಗೆ ಸ್ಕೋಪ್ ಇದ್ಯಾ?" ಆ ಕಡೆ ಇರುವವರು ಹಾಸನದ ನಮ್ಮ ಚಿಕ್ಕಪ್ಪ ಇರಬಹುದು, ಹಳೇ ಆಫೀಸಿನ ಗೆಳೆಯನ ಭಾವ ಇರಬಹುದು. ನಾನು ಪೀಣ್ಯದ ಒಂದು ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಶುರು ಮಾಡಿ, ಹದಿನಾರು ವರ್ಷದಿಂದ ಇದೇ ಕೆಲಸ ಮಾಡಿಕೊಂಡಿರುವವನು. ಹಾಗಾಗಿ ನೆಂಟರಿಷ್ಟರ ಪಾಲಿಗೆ ನಾನೇ ಫ್ರೀ ಕನ್ಸಲ್ಟೆಂಟ್.

ಉತ್ತರ ಕೊಡುವ ಮೊದಲು ನಾನೊಂದು ಪ್ರಶ್ನೆ ಕೇಳುತ್ತೇನೆ. "ಅಲ್ಲಿ ಒಬ್ಬರನ್ನು ಕೆಲಸದಿಂದ ಹೇಗೆ ತೆಗೀತಾರೆ ಅಂತ ಅವಳಿಗೆ ಗೊತ್ತಾ?" ಆ ಕಡೆ ಮಾತು ನಿಂತುಹೋಗುತ್ತದೆ. ಒಳ್ಳೇ ಕೆಲಸಕ್ಕೆ ಹೊರಟಾಗ ಇದೇನು ಅಪಶಕುನ ಅನ್ನಿಸುತ್ತದೆ ಪಾಪ. ಆದರೆ ಈ ಕಸುಬು ಏನು, ಅದು ಊರು ಬಿಟ್ಟು ಊರಿಗೆ ಹೋದರೆ ಏನಾಗುತ್ತದೆ ಎಂದು ಹೇಳಲು ಇದಕ್ಕಿಂತ ಹತ್ತಿರದ ದಾರಿ ನನಗೆ ಸಿಕ್ಕಿಲ್ಲ.

ಒಂದು ಪತ್ರ, ನಾಲ್ಕು ಊರು

ಒಂದು ಕಂಪನಿ ಇದೆ ಅಂದುಕೊಳ್ಳಿ. ಡಲ್ಲಾಸ್, ಮ್ಯೂನಿಕ್, ಬರ್ಮಿಂಗ್‌ಹ್ಯಾಮ್, ಬೆಂಗಳೂರು, ನಾಲ್ಕೂ ಕಡೆ ಆಫೀಸು. ನಾಲ್ಕೂ ಕಡೆ ಒಬ್ಬೊಬ್ಬರ ಕೆಲಸ ಸರಿಯಿಲ್ಲ, ಕಳಿಸಿಬಿಡೋಣ ಎಂದು ಮ್ಯಾನೇಜರುಗಳು ಎಚ್‌ಆರ್ ಹತ್ತಿರ ಬಂದಿದ್ದಾರೆ.

ಡಲ್ಲಾಸ್‌ನಲ್ಲಿ ಮೇಲ್ನೋಟಕ್ಕೆ ಇದು ಹತ್ತು ನಿಮಿಷದ ಕೆಲಸ. ಅಮೆರಿಕದಲ್ಲಿ 'ಅಟ್ ವಿಲ್' ಎಂಬ ಪದ್ಧತಿ ಇದೆ. ಮಾಲೀಕ ಯಾವಾಗ ಬೇಕಾದರೂ, ಕಾರಣ ಹೇಳದೆಯೂ ತೆಗೆಯಬಹುದು. ನೌಕರ ಯಾವಾಗ ಬೇಕಾದರೂ ಎದ್ದು ಹೋಗಬಹುದು. ಇದಕ್ಕೆ ಹೊರತಾದ ರಾಜ್ಯ ಮೊಂಟಾನಾ ಒಂದೇ. ಹಾಗಾದರೆ ಅಲ್ಲಿ ಎಚ್‌ಆರ್‌ಗೆ ಕೆಲಸವೇ ಇಲ್ವಾ? ಅಲ್ಲೇ ಇರುವುದು ಗುಟ್ಟು. ಕಾರಣ ಹೇಳದೆ ತೆಗೆಯಬಹುದು, ಆದರೆ ತಪ್ಪು ಕಾರಣಕ್ಕೆ ತೆಗೆಯುವ ಹಾಗಿಲ್ಲ. ಬಣ್ಣ, ಧರ್ಮ, ಹೆಣ್ಣು ಗಂಡು ಎಂಬ ಕಾರಣಕ್ಕೆ ತೆಗೆದರೆ 1964ರ ನಾಗರಿಕ ಹಕ್ಕುಗಳ ಕಾಯ್ದೆ ಅಡ್ಡ ಬರುತ್ತದೆ. ನಲವತ್ತು ದಾಟಿದವರಿಗೆ 1967ರ ವಯೋಭೇದ ಕಾಯ್ದೆಯ ರಕ್ಷಣೆ ಇದೆ. ಐವತ್ತೆರಡರ ಒಬ್ಬರಿಗೆ ಒಂದಿಷ್ಟು ದುಡ್ಡು ಕೊಟ್ಟು "ಕೇಸು ಹಾಕುವುದಿಲ್ಲ" ಎಂದು ಬರೆಸಿಕೊಳ್ಳಬೇಕಾದರೆ, ಯೋಚಿಸಲು 21 ದಿನ ಕೊಡಬೇಕು. ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು 7 ದಿನ ಕೊಡಬೇಕು. ಅಮೆರಿಕದ ಎಚ್‌ಆರ್ ನಿದ್ದೆಗೆಡುವುದು ಇಂಥ ಲೆಕ್ಕಗಳಿಗೆ.

ಮ್ಯೂನಿಕ್‌ನಲ್ಲಿ ಆಟವೇ ಬೇರೆ. ಅಲ್ಲಿ 'ಬೆಟ್ರೀಬ್ಸ್‌ರಾಟ್' ಅಂತ ಇದೆ, ನೌಕರರೇ ಆರಿಸಿದ ಮಂಡಳಿ. ಐದು ಜನ ಕಾಯಂ ನೌಕರರಿದ್ದರೂ ಸಾಕು, ಅವರು ಅದನ್ನು ಕಟ್ಟಿಕೊಳ್ಳಬಹುದು. ಮಂಡಳಿ ಇರುವ ಕಡೆ, ಅದರ ಮಾತು ಕೇಳಿಸಿಕೊಳ್ಳದೆ ಕೊಟ್ಟ ವಜಾ ಪತ್ರ ರದ್ದಿ ಕಾಗದಕ್ಕೆ ಸಮ. ಇನ್ನೊಂದು ತಮಾಷೆ ಕೇಳಿ. ಇಷ್ಟು ಮುಂದುವರಿದ ದೇಶದಲ್ಲಿ ಇಮೇಲ್‌ನಲ್ಲಿ ಕೆಲಸದಿಂದ ತೆಗೆಯುವ ಹಾಗಿಲ್ಲ. ಕಾಗದದ ಮೇಲೆ, ಪೆನ್ನಿನಲ್ಲಿ ಹಾಕಿದ ಸಹಿಯೇ ಬೇಕು. ಪತ್ರ ಕೈಗೆ ಬಂದ ಮೂರು ವಾರದೊಳಗೆ ನೌಕರ ಕೋರ್ಟಿಗೆ ಹೋಗಬಹುದು. ಬೆಂಗಳೂರಿನಿಂದ ಹೋದ ಉತ್ಸಾಹಿ ಎಚ್‌ಆರ್ ಒಬ್ಬರು ಪಿಡಿಎಫ್ ಕಳಿಸಿದರೆ ಮುಗೀತು, ಕಥೆ ಮೊದಲಿಂದ ಶುರು.

ಬರ್ಮಿಂಗ್‌ಹ್ಯಾಮ್‌ನಲ್ಲಿ ಎಲ್ಲವೂ ಪತ್ರ, ಮೀಟಿಂಗ್, ಮತ್ತೆ ಪತ್ರ. ಅಲ್ಲಿ 'ಏಕಾಸ್' ಎಂಬ ಸರ್ಕಾರಿ ಸಂಸ್ಥೆ ನೌಕರ ಮಾಲೀಕರ ಜಗಳ ಬಿಡಿಸುತ್ತದೆ. ಅದು ಬರೆದಿಟ್ಟ ನಡಾವಳಿಯನ್ನು ಬ್ರಿಟನ್ನಿನ ಎಚ್‌ಆರ್ ಮಂದಿ ಪಂಚಾಂಗದ ಹಾಗೆ ನೋಡುತ್ತಾರೆ. ವಿಚಾರಣೆಗೆ ಕರೆಯುವಾಗ ಲಿಖಿತವಾಗಿ ಕರೆಯಬೇಕು. ಜೊತೆಗೆ ಒಬ್ಬ ಸಹೋದ್ಯೋಗಿಯನ್ನೋ ಯೂನಿಯನ್ ಪ್ರತಿನಿಧಿಯನ್ನೋ ಕರೆತರುವ ಹಕ್ಕು ನೌಕರನಿಗೆ ಇದೆ. ತೀರ್ಮಾನ ಹೇಳಿದ ಮೇಲೆ ಅಪೀಲಿಗೆ ಅವಕಾಶ ಕೊಡಬೇಕು. ಇಷ್ಟೂ ಕಲಿತು ಮುಗಿಯುವಷ್ಟರಲ್ಲಿ ಕಾನೂನೇ ಬದಲಾಗುತ್ತದೆ. ಅನ್ಯಾಯವಾಗಿ ತೆಗೆದರು ಎಂದು ದೂರು ಕೊಡಲು ಸಾಮಾನ್ಯವಾಗಿ ಎರಡು ವರ್ಷ ಸೇವೆ ಆಗಿರಬೇಕಿತ್ತು. ಅದನ್ನು 2027ರ ಜನವರಿಯಿಂದ ಆರು ತಿಂಗಳಿಗೆ ಇಳಿಸುವ ಕಾಯ್ದೆ 2025ರ ಡಿಸೆಂಬರ್‌ನಲ್ಲಿ ಪಾಸಾಯಿತು.

ಇನ್ನು ಬೆಂಗಳೂರು. ಫ್ಯಾಕ್ಟರಿ ಕಾರ್ಮಿಕನಾದರೆ ಚಾರ್ಜ್‌ಶೀಟ್, ಕಂಪನಿಯೊಳಗೇ ನಡೆಸುವ ಡೊಮೆಸ್ಟಿಕ್ ಎನ್‌ಕ್ವೈರಿ, ಎನ್‌ಕ್ವೈರಿ ಆಫೀಸರ್, ಸಾಕ್ಷಿ, ಶೋಕಾಸ್ ನೋಟೀಸು. ಆಫೀಸು ಕೆಲಸದವರಾದರೆ, ಎಲ್ಲರಿಗೂ ಗೊತ್ತಿರುವ, ಯಾವ ಪಾಲಿಸಿಯಲ್ಲೂ ಬರೆಯದ ದಾರಿ: ಒಂದು ಸಣ್ಣ ರೂಮಿಗೆ ಕರೆದು "ನೀವೇ ರಿಸೈನ್ ಮಾಡಿಬಿಡಿ, ರಿಲೀವಿಂಗ್ ಲೆಟರ್ ನೀಟಾಗಿ ಕೊಡ್ತೀವಿ" ಅನ್ನುವುದು. ನಾನೂ ಆ ರೂಮಿನಲ್ಲಿ ಕೂತಿದ್ದೇನೆ. ಹೆಮ್ಮೆಯ ವಿಷಯವೇನಲ್ಲ. ನಮ್ಮಲ್ಲೂ 29 ಹಳೇ ಕಾರ್ಮಿಕ ಕಾನೂನುಗಳ ಜಾಗಕ್ಕೆ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಬಂದಿವೆ. ಅಂದರೆ ಇಲ್ಲಿ ಕೂತ ನಾವೂ ಪುಸ್ತಕ ಮತ್ತೆ ತೆರೆದಿದ್ದೇವೆ.

ನಾಲ್ಕೂ ಕಡೆ ಹುದ್ದೆಯ ಹೆಸರು 'ಎಚ್‌ಆರ್ ಮ್ಯಾನೇಜರ್'. ಕೆಲಸ ಮಾತ್ರ ನಾಲ್ಕು ಥರ. ಸಾಫ್ಟ್‌ವೇರ್ ಹುಡುಗ ಡಲ್ಲಾಸ್‌ಗೆ ಹೋದರೂ ಜಾವಾ ಜಾವಾನೇ. ಎಚ್‌ಆರ್ ಈ ವಿಷಯದಲ್ಲಿ ವಕೀಲಿಕೆಗೆ ಹತ್ತಿರ. ಊರಿನ ಕಾನೂನು ಬದಲಾದರೆ ಕೈಯಲ್ಲಿದ್ದ ಅರ್ಧ ಬಂಡವಾಳ ಹೋಯಿತು.

ಉಳಿದ ಅರ್ಧ ಭಾಷೆ. ಇಂಗ್ಲಿಷ್ ಬರುತ್ತದಲ್ಲ ಅನ್ನಬೇಡಿ. ಪೀಣ್ಯದಲ್ಲಿದ್ದಾಗ ಒಬ್ಬ ಆಪರೇಟರ್ ನನ್ನ ಟೇಬಲ್ ಹತ್ತಿರ ಬಂದು ನಿಲ್ಲುತ್ತಿದ್ದ. "ಸಾರ್, ಎರಡು ದಿನ ರಜ ಬೇಕಿತ್ತು." ಅಷ್ಟೇ ಮಾತು. ಅವನು ನಿಂತ ರೀತಿ ನೋಡಿದರೆ, 'ಬೇಕು' ಅನ್ನದೆ 'ಬೇಕಿತ್ತು' ಅಂದ ರೀತಿ ಕೇಳಿದರೆ, ಇದು ಊರ ಹಬ್ಬಕ್ಕೋ, ಆಸ್ಪತ್ರೆಗೋ, ಫೈನಾನ್ಸ್‌ನವರು ಮನೆ ಬಾಗಿಲಿಗೆ ಬಂದಿದ್ದಾರೋ ಅಂತ ಸುಮಾರಾಗಿ ಗೊತ್ತಾಗುತ್ತಿತ್ತು. ಅದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ಗೋಡೌನ್ ಕೆಲಸಗಾರ "ಐ ಯಾಮ್ ಆಲ್‌ರೈಟ್" ಅಂದಾಗ ಅವನು ನಿಜವಾಗಿ ಏನು ಹೇಳಿದ ಅಂತ ಅಲ್ಲಿಯ ಮಾಸ್ಟರ್ಸ್ ಡಿಗ್ರಿಯೂ ಕಲಿಸುವುದಿಲ್ಲ. ಅದಕ್ಕೆ ಕಾಲ ಬೇಕು.

ಸರ್ಕಾರಗಳಿಗೂ ಇದು ಗೊತ್ತು. ನಮ್ಮ ಕರಾವಳಿಯವರು ತಲೆಮಾರುಗಳಿಂದ ಗಲ್ಫ್‌ಗೆ ಹೋಗುತ್ತಿದ್ದಾರೆ, ಅಕೌಂಟ್ಸಿನಿಂದ ಅಡುಗೆಯವರೆಗೆ ಎಲ್ಲ ಕೆಲಸದಲ್ಲೂ ಇದ್ದಾರೆ. ಆದರೆ ಸೌದಿಯಲ್ಲಿ ಎಚ್‌ಆರ್ ಹುದ್ದೆಗಳನ್ನು ಸೌದಿ ಪ್ರಜೆಗಳಿಗೇ ಮೀಸಲಿಟ್ಟಿದ್ದಾರೆ. ಯಾರನ್ನು ಒಳಗೆ ಬಿಡಬೇಕು ಎಂದು ತೀರ್ಮಾನಿಸುವ ಕುರ್ಚಿಯಲ್ಲಿ ತಮ್ಮವರೇ ಕೂರಲಿ ಅನ್ನುವ ಲೆಕ್ಕ. ಯುಎಇಯಲ್ಲಿ ಅಷ್ಟು ಬಿಗಿ ಇಲ್ಲ, ದುಬೈನಲ್ಲಿ ಭಾರತೀಯ ಎಚ್‌ಆರ್‌ಗಳು ಬೇಕಾದಷ್ಟು ಇದ್ದಾರೆ. ಆದರೆ ಅವರ ಟೇಬಲ್ ಮೇಲೂ ದೊಡ್ಡ ಕಂಪನಿಗಳು ವರ್ಷ ವರ್ಷ ಇಷ್ಟು ಎಮಿರಾಟಿಗಳನ್ನು ತೆಗೆದುಕೊಳ್ಳಬೇಕು ಎಂಬ ಗುರಿಯ ಫೈಲು ಇರುತ್ತದೆ.

ಮೊದಲ ಮೆಟ್ಟಿಲು ಎಲ್ಲಿಗೆ ಹೋಯಿತು

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಇದನ್ನು ಯಾವ ವೀಸಾ ಕನ್ಸಲ್ಟೆಂಟೂ ಹೇಳುವುದಿಲ್ಲ.

1990ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಡೇವ್ ಉಲ್ರಿಚ್ ಎಂಬ ಪ್ರೊಫೆಸರ್ ಎಚ್‌ಆರ್ ಏನೇನು ಪಾತ್ರ ವಹಿಸಬೇಕು ಎಂದು ಹೊಸದಾಗಿ ವಿಂಗಡಿಸಿದರು. ಅದರ ಮೇಲೆ ದೊಡ್ಡ ಕಂಪನಿಗಳು ಮೂರು ಕಾಲಿನ ಸ್ಟೂಲಿನಂಥ ಒಂದು ವ್ಯವಸ್ಥೆ ಕಟ್ಟಿಕೊಂಡವು. ಒಂದು ಕಾಲು 'ಬಿಸಿನೆಸ್ ಪಾರ್ಟ್‌ನರ್', ಅಂದರೆ ಮ್ಯಾನೇಜರ್ ಪಕ್ಕದಲ್ಲೇ ಕೂತು ಸಲಹೆ ಕೊಡುವವರು. ಎರಡನೆಯದು ಪರಿಣತರ ತಂಡ, ಸಂಬಳದ ರಚನೆ, ತರಬೇತಿ ಥರದ ವಿಷಯಗಳಿಗೆ. ಮೂರನೆಯದು 'ಶೇರ್ಡ್ ಸರ್ವಿಸಸ್'. ಆಫರ್ ಲೆಟರ್ ತಯಾರಿ, ರಜೆಯ ಲೆಕ್ಕ, ಸಂಬಳದ ಡೇಟಾ, ಬ್ಯಾಕ್‌ಗ್ರೌಂಡ್ ಚೆಕ್, ನೌಕರರ ಪ್ರಶ್ನೆಗೆ ಉತ್ತರ, ಇದೆಲ್ಲ ಒಂದೇ ಕಡೆ, ಕಡಿಮೆ ಖರ್ಚಿನಲ್ಲಿ.

ಕಡಿಮೆ ಖರ್ಚಿನ ಕಡೆ ಯಾವುದು? ಪೋಲೆಂಡಿನ ಕ್ರಾಕೋವ್, ಫಿಲಿಪ್ಪೀನ್ಸಿನ ಮನಿಲಾ, ಮತ್ತೆ ನಮ್ಮ ಬೆಂಗಳೂರು. ಬೆಳ್ಳಂದೂರು, ಮಾರತ್ತಹಳ್ಳಿ, ಮಾನ್ಯತಾ ಕಡೆ ಇರುವ ಜಿಸಿಸಿಗಳಲ್ಲಿ, ಅಂದರೆ ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ಇಲ್ಲಿ ತೆರೆದ ಆಫೀಸುಗಳಲ್ಲಿ, ಎಷ್ಟೋ ಹುಡುಗ ಹುಡುಗಿಯರು ದಿನಾ ಮಧ್ಯಾಹ್ನ ಕೂತು ಲಂಡನ್ ಆಫೀಸಿನವರ ಆಫರ್ ಲೆಟರ್ ತಯಾರಿಸುತ್ತಿದ್ದಾರೆ. ಈ ಜಿಸಿಸಿಗಳಿಗಾಗಿಯೇ ಕರ್ನಾಟಕ ಸರ್ಕಾರ 2024ರಲ್ಲಿ ಬೇರೆ ನೀತಿಯನ್ನೇ ತಂದಿತು.

ಇಲ್ಲೇ ಕೊಕ್ಕೆ ಇರುವುದು. ಎಚ್‌ಆರ್ ಕಸುಬಿನಲ್ಲಿ ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದುದೇ ಆ ಮೂರನೇ ಕಾಲಿನಲ್ಲಿ. ಲೆಟರ್ ತಪ್ಪಿಲ್ಲದೆ ಮಾಡಿ, ಬೈಸಿಕೊಂಡು, ನಾಲ್ಕು ಪಾಲಿಸಿ ಓದಿ, ಆಮೇಲೆ ಮೇಲೆ ಹತ್ತುತ್ತಿದ್ದರು. ದೊಡ್ಡ ಕಂಪನಿಗಳಲ್ಲಿ ಆ ಮೆಟ್ಟಿಲಿನ ಎಷ್ಟೋ ಭಾಗ ಲಂಡನ್ನಿನಿಂದ ಎದ್ದು ಔಟರ್ ರಿಂಗ್ ರೋಡಿಗೆ ಬಂದು ಕೂತಿದೆ. ಲಂಡನ್ನಿನಲ್ಲಿ ಉಳಿದಿರುವುದು ಮೊದಲ ಕಾಲು. ಅದಕ್ಕೆ ಅಲ್ಲಿಯ ಕಾನೂನು, ಅಲ್ಲಿಯ ಮಾತು, ಅಲ್ಲಿಯ ಅನುಭವ ಬೇಕು. ಹೊಸದಾಗಿ ಎಂಬಿಎ ಮುಗಿಸಿದ ಇಪ್ಪತ್ಮೂರರ ಹುಡುಗಿ ಸಾಲ ಮಾಡಿ, ತನ್ನ ಮನೆಯಿಂದ ಮೆಜೆಸ್ಟಿಕ್ ಬಸ್ ಹಿಡಿದರೆ ಸಿಗುವ ಕೆಲಸವನ್ನು ಹುಡುಕಿಕೊಂಡು ಎಂಟು ಸಾವಿರ ಕಿಲೋಮೀಟರ್ ಹೋಗುತ್ತಾಳೆ. ಇದು ನನಗೆ ಸ್ವಲ್ಪ ಸಂಕಟ ಕೊಡುವ ವಿಷಯ.

ಬ್ರಿಟನ್ನಿನ ಲೆಕ್ಕ

ಆದರೂ ಹೋಗಬೇಕು ಎಂದೇ ಇದ್ದರೆ ಕಣ್ಣು ತೆರೆದು ಹೋಗೋಣ. ಜಾಸ್ತಿ ಜನ ಕೇಳುವುದು ಬ್ರಿಟನ್ ಬಗ್ಗೆ. ಕಾರಣ ಸರಳ, ಮಾಸ್ಟರ್ಸ್ ಒಂದೇ ವರ್ಷ.

ಅಲ್ಲಿ ಈ ಕಸುಬಿಗೆ ಒಂದು ವೃತ್ತಿ ಸಂಸ್ಥೆ ಇದೆ, ಸಿಐಪಿಡಿ. ಅದರ ಹುಟ್ಟು ಚೆನ್ನಾಗಿದೆ. 1913ರಲ್ಲಿ ಯಾರ್ಕ್ ಊರಿನಲ್ಲಿ, ಚಾಕಲೇಟ್ ಮಾಡುತ್ತಿದ್ದ ರೌಂಟ್ರಿ ಮನೆತನದವರ ಫ್ಯಾಕ್ಟರಿಯ ಆಸರೆಯಲ್ಲಿ, ಕಾರ್ಮಿಕರ ಕ್ಷೇಮ ನೋಡಿಕೊಳ್ಳುವವರು ಸೇರಿ ಒಂದು ಸಂಘ ಕಟ್ಟಿದರು. ಅದೇ ಬೆಳೆದು, ಹೆಸರು ಬದಲಿಸಿಕೊಳ್ಳುತ್ತಾ, 2000ದಲ್ಲಿ ರಾಜ ಸನ್ನದು ಪಡೆಯಿತು. ನಮ್ಮಲ್ಲೂ ಎಚ್‌ಆರ್ ಬೇರು ಇರುವುದು ಅಲ್ಲೇ. 1948ರ ಫ್ಯಾಕ್ಟರಿ ಕಾಯ್ದೆ 500 ಕಾರ್ಮಿಕರಿರುವ ಕಡೆ ವೆಲ್‌ಫೇರ್ ಆಫೀಸರ್ ಇರಲೇಬೇಕು ಎಂದಿತು. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 250. ಧಾರವಾಡ, ಮೈಸೂರು, ಮಂಗಳೂರಿನ ರೋಶನಿ ನಿಲಯದಲ್ಲಿ ಸಮಾಜ ಕಾರ್ಯದ ಮಾಸ್ಟರ್ಸ್, ಅಂದರೆ ಎಂಎಸ್‌ಡಬ್ಲ್ಯು ಓದಿದವರು ಈಗಲೂ ನಮ್ಮ ಫ್ಯಾಕ್ಟರಿಗಳ ಎಚ್‌ಆರ್‌ನಲ್ಲಿ ತುಂಬಿರುವುದು ಅದಕ್ಕೇ. ಎಂಎಸ್‌ಡಬ್ಲ್ಯು ಎಂದರೆ ಮೂಗು ಮುರಿಯುವವರಿಗೆ ಇದನ್ನು ಹೇಳುತ್ತಿರುತ್ತೇನೆ.

ಮ್ಯಾಂಚೆಸ್ಟರ್, ವಾರಿಕ್, ಎಲ್‌ಎಸ್‌ಇ ಥರದ ಕಡೆ ಒಳ್ಳೆಯ ಎಚ್‌ಆರ್ ಕೋರ್ಸುಗಳಿವೆ. ಸೇರುವ ಮೊದಲು ಕೇಳಬೇಕಾದ್ದು ಒಂದೇ: ಈ ಕೋರ್ಸಿಗೆ ಸಿಐಪಿಡಿ ಮಾನ್ಯತೆ ಇದೆಯಾ, ಯಾವ ಹಂತದ್ದು? 3, 5, 7 ಎಂದು ಹಂತಗಳಿವೆ. ಮಾಸ್ಟರ್ಸ್ ಮಟ್ಟದ್ದು 7. ಮಾನ್ಯತೆ ಇಲ್ಲದ ಎಚ್‌ಆರ್ ಡಿಗ್ರಿ ಬ್ರಿಟನ್ನಿನಲ್ಲಿ ಅರ್ಧ ಬೆಂದ ಅನ್ನ. ಮಾನ್ಯತೆ ಇದ್ದರೂ 'ಚಾರ್ಟರ್ಡ್' ಎಂಬ ಪಟ್ಟ ಕೂಡಲೇ ಸಿಗುವುದಿಲ್ಲ. ಅದಕ್ಕೆ ಕೆಲಸದ ಅನುಭವ ತೋರಿಸಬೇಕು.

ಖರ್ಚು ಬೇಗ ಹೇಳಿಬಿಡುತ್ತೇನೆ. ಫೀಸು ಕಾಲೇಜಿನ ಮೇಲೆ ಹೋಗುತ್ತದೆ, ಇಪ್ಪತ್ತರಿಂದ ಮೂವತ್ತೈದು ಸಾವಿರ ಪೌಂಡ್ ಆಸುಪಾಸು ಸಾಮಾನ್ಯ. ವೀಸಾ ಜೊತೆಗೆ ಆರೋಗ್ಯದ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್. ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು, ಅದು ಮನೆ ಬಾಡಿಗೆಗೇ ಸಾಲದೆ ಹೋಗಬಹುದು. 2024ರ ಜನವರಿಯಿಂದ ಮಾಸ್ಟರ್ಸ್ ಓದುವವರು ಗಂಡನನ್ನೋ ಹೆಂಡತಿಯನ್ನೋ ಜೊತೆಗೆ ಕರೆದೊಯ್ಯುವ ಹಾಗಿಲ್ಲ. ಮದುವೆ ನಿಶ್ಚಯ ಆಗಿರುವ ಮನೆಗಳಲ್ಲಿ ಇದನ್ನು ಮೊದಲೇ ಹೇಳಿಬಿಡಿ.

ಓದು ಮುಗಿದ ಮೇಲೆ 'ಗ್ರ್ಯಾಜುಯೇಟ್ ರೂಟ್'. ಎರಡು ವರ್ಷ ಯಾವ ಕೆಲಸ ಬೇಕಾದರೂ ಮಾಡಬಹುದು ಎಂದು 2021ರಲ್ಲಿ ಶುರುವಾಗಿದ್ದು. 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಅದು 18 ತಿಂಗಳು. ಆಮೇಲೆ ಉಳಿಯಬೇಕೆಂದರೆ 'ಸ್ಕಿಲ್ಡ್ ವರ್ಕರ್' ವೀಸಾ, ಅಂದರೆ ಕಂಪನಿಯೇ ಸ್ಪಾನ್ಸರ್ ಮಾಡಬೇಕು. 2025ರ ಜುಲೈ 22ರಿಂದ ಅದಕ್ಕೆ ಸಾಮಾನ್ಯ ಸಂಬಳ ಮಿತಿ ವರ್ಷಕ್ಕೆ 41,700 ಪೌಂಡ್. ಹೊಸದಾಗಿ ಓದು ಮುಗಿಸಿದವರಿಗೆ ರಿಯಾಯಿತಿ ಮಿತಿ 33,400. ಸಂಬಳ ಒಂದೇ ಸಾಲದು. ಕೆಲಸವೂ ಡಿಗ್ರಿ ಮಟ್ಟದ್ದು ಎಂದು ಅವರ ಪಟ್ಟಿಯಲ್ಲಿ ಇರಬೇಕು.

ಆ ಪಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬ್ರಿಟನ್ನಿನಲ್ಲಿ ಪ್ರತಿ ಉದ್ಯೋಗಕ್ಕೂ ನಾಲ್ಕು ಅಂಕಿಯ ಕೋಡ್ ಇದೆ. ಎಚ್‌ಆರ್ ಮ್ಯಾನೇಜರ್, ಡೈರೆಕ್ಟರ್ 1136. ಎಚ್‌ಆರ್ ಆಫೀಸರ್ 3571. ಎಚ್‌ಆರ್ ಗುಮಾಸ್ತೆ ಕೆಲಸ 4136. ಮೊದಲ ಅಂಕಿ ನೋಡಿ, 1, 3, 4. ಅದು ಹೆಚ್ಚಾದಂತೆ ಹುದ್ದೆ ಕೆಳಗೆ. ಹೊಸಬರಿಗೆ ಸಿಗುವುದು 4ರಿಂದ ಶುರುವಾಗುವ ಕೆಲಸ. ವೀಸಾ ಮನಸಾರೆ ಸ್ವಾಗತಿಸುವುದು 1ರಿಂದ ಶುರುವಾಗುವುದನ್ನು. ನಡುವಿನ ಕೆಲವು ಕೆಲಸಗಳಿಗೆ ತಾತ್ಕಾಲಿಕ ಪಟ್ಟಿ ಎಂಬ ಸಣ್ಣ ಕಿಟಕಿ ಇಟ್ಟಿದ್ದಾರೆ, ಅದು ತೆರೆಯುತ್ತದೆ, ಮುಚ್ಚುತ್ತದೆ. ಸಾಲಕ್ಕೆ ಸಹಿ ಹಾಕುವ ದಿನ ಬ್ರಿಟನ್ ಸರ್ಕಾರದ ಸೈಟಿನಲ್ಲೇ ನೋಡಿ. ಹಾಗೇ ಸ್ಪಾನ್ಸರ್ ಲೈಸೆನ್ಸ್ ಇರುವ ಕಂಪನಿಗಳ ಹೆಸರೂ ಅಲ್ಲೇ ಇದೆ, ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. "ನಾವು ಜಾಬ್ ಅಸಿಸ್ಟೆನ್ಸ್ ಕೊಡ್ತೀವಿ" ಎನ್ನುವ ಏಜೆಂಟ್ ಮುಂದೆ ಆ ಫೈಲ್ ತೆರೆದು, ಇದರಲ್ಲಿ ಯಾವ ಕಂಪನಿ, ಯಾವ ಕೋಡ್ ಅಂತ ಕೇಳಿ. ಅವರ ಕೌನ್ಸೆಲಿಂಗ್ ಫ್ರೀ ಇರುವುದು ವಿಶ್ವವಿದ್ಯಾಲಯದಿಂದ ಕಮಿಷನ್ ಬರುವುದರಿಂದ. ಅದು ತಪ್ಪೇನಲ್ಲ, ಆದರೆ ಗೊತ್ತಿರಲಿ.

ಉಳಿದ ದೇಶಗಳು, ಸಂಕ್ಷೇಪದಲ್ಲಿ

ಅಮೆರಿಕದಲ್ಲಿ ಈ ವಿಷಯಕ್ಕೇ ಹೆಸರಾದ ಕಡೆಗಳಿವೆ. ಕಾರ್ನೆಲ್‌ನ ಐಎಲ್‌ಆರ್ ಸ್ಕೂಲ್ 1945ರಿಂದ ಇದೆ. ಮಿನೆಸೋಟ, ಇಲಿನಾಯ್, ರಟ್ಗರ್ಸ್ ಕೂಡ ಗಟ್ಟಿ. ಓದಿದ ಮೇಲೆ ಒಂದು ವರ್ಷ ಒಪಿಟಿಯಲ್ಲಿ, ಅಂದರೆ ಓದು ಮುಗಿಸಿದವರಿಗೆ ಕೊಡುವ ತಾತ್ಕಾಲಿಕ ಅನುಮತಿಯಲ್ಲಿ, ಕೆಲಸ ಮಾಡಬಹುದು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಎಂದು ಗುರುತಿಸಿದ ಕೋರ್ಸಾದರೆ ಇನ್ನೂ ಎರಡು ವರ್ಷ. ಸಾಮಾನ್ಯ ಎಚ್‌ಆರ್ ಡಿಗ್ರಿ ಸ್ಟೆಮ್ ಅಲ್ಲ. ಹಾಗಾಗಿ ಕೋರ್ಸಿನ ಕೋಡ್ ಏನು ಅಂತ ಅಡ್ಮಿಷನ್ ಆಫೀಸಿಗೆ ಇಮೇಲ್ ಹಾಕಿ ಕೇಳಿ, ನಾಚಿಕೆ ಬೇಡ. ಆಮೇಲೆ ಎಚ್1ಬಿ ಲಾಟರಿ, ವರ್ಷಕ್ಕೆ 85,000 ಮಾತ್ರ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆಯೂ ಬಂತು. ಅದು ಯಾರಿಗೆ ಅನ್ವಯ, ಯಾರಿಗಿಲ್ಲ ಎಂಬುದನ್ನು ವಕೀಲರಿಂದಲೇ ತಿಳಿದುಕೊಳ್ಳಬೇಕು.

ಕೆನಡಾದಲ್ಲಿ ಒಂದು ಗುಂಡಿ ಇದೆ, ಅದನ್ನು ಗುರುತಿಸಿಬಿಡುತ್ತೇನೆ. ಒಂಟಾರಿಯೋ ಕಾಲೇಜುಗಳಲ್ಲಿ ಒಂದು ವರ್ಷದ 'ಎಚ್‌ಆರ್ ಪೋಸ್ಟ್ ಗ್ರ್ಯಾಜುಯೇಟ್ ಸರ್ಟಿಫಿಕೇಟ್' ನಮ್ಮವರಿಗೆ ತುಂಬಾ ಪ್ರಿಯವಾಗಿತ್ತು. ಫೀಸು ಕಡಿಮೆ, ಮುಗಿದ ಮೇಲೆ ವರ್ಕ್ ಪರ್ಮಿಟ್. 2024ರ ನವೆಂಬರ್ 1ರಿಂದ ಕಾಲೇಜು ಮಟ್ಟದ ಇಂಥ ಕೋರ್ಸುಗಳಿಗೆ, ಅಲ್ಲಿಯ ಸರ್ಕಾರ ಹೇಳಿದ ವಿಷಯ ಓದಿದ್ದರೆ ಮಾತ್ರ ಆ ಪರ್ಮಿಟ್. ಆರೋಗ್ಯ, ಕೃಷಿ, ವಿಜ್ಞಾನ ತಂತ್ರಜ್ಞಾನ, ಸಾರಿಗೆ, ಕೈಕೆಲಸದ ಕಸುಬು, ಹೀಗಿದೆ ಪಟ್ಟಿ. ಎಚ್‌ಆರ್ ಅದರಲ್ಲಿಲ್ಲ. ವಿಶ್ವವಿದ್ಯಾಲಯದ ಮಾಸ್ಟರ್ಸ್ ಆದರೆ ಈ ಷರತ್ತಿಲ್ಲ. ಹಳೇ ಬ್ಯಾಚಿನ ಅಣ್ಣನೋ ಅಕ್ಕನೋ "ನಾನು ಹೀಗೇ ಬಂದೆ" ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ಅವರು ದಾಟಿದ ಸೇತುವೆ ಈಗ ಇಲ್ಲ, ಅಷ್ಟೇ.

ಜರ್ಮನಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳ ಫೀಸು ಬಹುಪಾಲು ಕಡೆ ಇಲ್ಲವೆನ್ನುವಷ್ಟು ಕಡಿಮೆ. ಎಂಜಿನಿಯರ್ ಆದರೆ ಇಂಗ್ಲಿಷಿನಲ್ಲೇ ತಳ್ಳಬಹುದು. ಬೆಟ್ರೀಬ್ಸ್‌ರಾಟ್ ಮುಂದೆ ಕೂತು ಮಾತಾಡಬೇಕಾದ ಎಚ್‌ಆರ್‌ಗೆ ಗಟ್ಟಿ ಜರ್ಮನ್ ಬೇಕೇ ಬೇಕು.

ಗಡಿ ದಾಟುವ ಎಚ್‌ಆರ್

ಕಾನೂನು, ಭಾಷೆ ಎರಡಕ್ಕೂ ಅಷ್ಟಾಗಿ ಅಂಟಿಕೊಳ್ಳದ ಎಚ್‌ಆರ್ ಕೆಲಸಗಳೂ ಇವೆ. ವಿದೇಶದಲ್ಲಿ ನಿಲ್ಲಬೇಕೆಂದಿದ್ದರೆ ನಾನು ತೋರಿಸುವುದು ಇವನ್ನೇ.

ಮೊದಲನೆಯದು ಸಂಬಳದ ಲೆಕ್ಕ, ನಮ್ಮ ಭಾಷೆಯಲ್ಲಿ 'ಕಾಂಪ್ ಅಂಡ್ ಬೆನ್'. ಸಂಬಳ ಕೊಡುವುದಲ್ಲ, ಒಂದು ಹುದ್ದೆಗೆ ಬೆಲೆ ಕಟ್ಟುವುದು. ಗೋಡೌನ್ ಸೂಪರ್‌ವೈಸರ್ ದೊಡ್ಡವನೋ, ಡಿಸೈನ್ ಟೀಮಿನ ಜೂನಿಯರ್ ದೊಡ್ಡವನೋ? ಕೂತಿರುವ ಮನುಷ್ಯನನ್ನು ಮರೆತು ಕುರ್ಚಿಯನ್ನು ಮಾತ್ರ ನೋಡಬೇಕು. ಎಷ್ಟು ತಿಳಿವಳಿಕೆ ಬೇಕು, ಎಷ್ಟು ದುಡ್ಡಿನ ಜವಾಬ್ದಾರಿ, ತಪ್ಪಾದರೆ ಎಷ್ಟು ನಷ್ಟ. ಅಂಕ ಹಾಕಿ ಗ್ರೇಡ್ ಮಾಡಿ, ಪ್ರತಿ ಗ್ರೇಡಿಗೂ ಕನಿಷ್ಠ, ನಡು, ಗರಿಷ್ಠ ಸಂಬಳ. ಈ ವಿದ್ಯೆ ಡಲ್ಲಾಸ್‌ನಲ್ಲೂ ಅದೇ, ಬೆಂಗಳೂರಿನಲ್ಲೂ ಅದೇ. ಲೆಕ್ಕ ಬರುವವರು ಎಚ್‌ಆರ್‌ನಲ್ಲಿ ಕಡಿಮೆ. ಹಾಗಾಗಿ ಬರುವವರಿಗೆ ಬೆಲೆ ಜಾಸ್ತಿ. ಬಿಕಾಂ ಮಾಡಿ ಎಚ್‌ಆರ್‌ಗೆ ಬಂದವರು ಇದನ್ನು ಯಾಕೆ ಬಿಡುತ್ತಾರೋ ನನಗೆ ಅರ್ಥವೇ ಆಗಿಲ್ಲ.

ಎರಡನೆಯದು ಸಿಸ್ಟಮ್ಸ್. ವರ್ಕ್‌ಡೇ, ಸ್ಯಾಪ್ ಸಕ್ಸಸ್‌ಫ್ಯಾಕ್ಟರ್ಸ್ ಥರದ ತಂತ್ರಾಂಶಗಳಲ್ಲಿ ಎಚ್‌ಆರ್ ಹೇಗೆ ಓಡಬೇಕು ಎಂದು ಕೂರಿಸುವ ಕೆಲಸ. ಅರ್ಧ ಎಚ್‌ಆರ್, ಅರ್ಧ ಐಟಿ. ಸ್ಪಾನ್ಸರ್ ಮಾಡುವ ಕಂಪನಿಗೆ ಇವರನ್ನು ತಂತ್ರಜ್ಞರ ಕೋಡ್‌ನಲ್ಲಿ ತೋರಿಸುವುದು ಎಷ್ಟೋ ಸಲ ಸುಲಭ. ಡೇಟಾ ವಿಶ್ಲೇಷಣೆಯೂ ಇದೇ ಸಾಲಿಗೆ ಸೇರುತ್ತದೆ. ಮೂರನೆಯದು ಗ್ಲೋಬಲ್ ಮೊಬಿಲಿಟಿ, ನೌಕರರನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕಳಿಸುವಾಗ ವೀಸಾ, ತೆರಿಗೆ, ಮನೆ, ಮಕ್ಕಳ ಸ್ಕೂಲು ನೋಡುವುದು. ಎರಡು ದೇಶ ಗೊತ್ತಿರುವುದು ಇಲ್ಲಿ ಮಾತ್ರ ಲಾಭ.

ರಿಕ್ರೂಟ್‌ಮೆಂಟ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟು. ವಿದೇಶದ ಏಜೆನ್ಸಿಗಳಲ್ಲಿ ಅದು ಫೋನಿನಲ್ಲಿ ಮಾಡುವ ಸೇಲ್ಸ್. ಟಾರ್ಗೆಟ್ ಮುಟ್ಟಿದರೆ ಕಮಿಷನ್, ಇಲ್ಲದಿದ್ದರೆ ಬೀಳ್ಕೊಡುಗೆ. ಅದಕ್ಕೆ ಮಾಸ್ಟರ್ಸ್ ಬೇಡ.

ಯಾವಾಗ ಹೋಗಬೇಕು

ಮೂರು ನಾಲ್ಕು ವರ್ಷ ಇಲ್ಲೇ ಕೆಲಸ ಮಾಡಿ, ಆಮೇಲೆ. ಅದೂ ಸಾಧ್ಯವಾದರೆ ಯುಕೆಯನ್ನೋ ಅಮೆರಿಕವನ್ನೋ ನೋಡಿಕೊಳ್ಳುವ ಜಿಸಿಸಿಯಲ್ಲಿ. ಅಲ್ಲಿಯ ಕಾನೂನಿನ ಅಕ್ಷರಾಭ್ಯಾಸ ಸಂಬಳ ತೆಗೆದುಕೊಂಡೇ ಆಗುತ್ತದೆ. ಸಿಐಪಿಡಿ ಹಂತ 5 ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಮಾಡಬಹುದು. ಅಮೆರಿಕದ ಎಚ್‌ಆರ್ ವೃತ್ತಿ ಸಂಸ್ಥೆ ಎಸ್‌ಎಚ್‌ಆರ್‌ಎಂನ (SHRM) ಪರೀಕ್ಷೆಯನ್ನೂ ಇಲ್ಲೇ ಕೂತು ಬರೆಯಬಹುದು. ಅನುಭವ ಇದ್ದರೆ ಸ್ಕಾಲರ್‌ಶಿಪ್ ಬಾಗಿಲೂ ತೆರೆಯುತ್ತದೆ. ಬ್ರಿಟನ್ ಸರ್ಕಾರದ ಚೀವ್ನಿಂಗ್‌ಗೆ ಕನಿಷ್ಠ 2,800 ಗಂಟೆ ಕೆಲಸದ ಅನುಭವ ಬೇಕು, ಅಂದರೆ ಸುಮಾರು ಎರಡು ವರ್ಷ. ಓದಿದ ಮೇಲೆ ಎರಡು ವರ್ಷ ದೇಶಕ್ಕೆ ವಾಪಸ್ ಬರಬೇಕು ಎಂಬ ಷರತ್ತೂ ಇದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕರ್ನಾಟಕ ಸರ್ಕಾರದ 'ಪ್ರಬುದ್ಧ' ಯೋಜನೆ ಇದೆ, ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.

ಹೋಗುವ ಮುನ್ನ ಒಂದು ಸಣ್ಣ ರಿಪೇರಿ. ಬಯೋಡೇಟಾದಿಂದ ಫೋಟೋ, ತಂದೆಯ ಹೆಸರು, ಹುಟ್ಟಿದ ದಿನ, ಮದುವೆ ಆಗಿದೆಯೋ ಇಲ್ಲವೋ, ಎಲ್ಲ ತೆಗೆಯಿರಿ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆ ವಯಸ್ಸು, ಮದುವೆ, ಬಸಿರು, ಧರ್ಮ, ಅಂಗವೈಕಲ್ಯ ಸೇರಿ ಒಂಬತ್ತು ವಿಷಯಗಳಲ್ಲಿ ಭೇದ ಮಾಡಬಾರದು ಎನ್ನುತ್ತದೆ. ಬೇರೆ ಯಾರಾದರೂ ಇದನ್ನೆಲ್ಲ ಬರೆದರೆ ಕಂಪನಿಯವರು ಸುಮ್ನೆ ನೋಡದೆ ಮುಂದೆ ಹೋಗಬಹುದು. ಎಚ್‌ಆರ್ ಕೆಲಸಕ್ಕೆ ಅರ್ಜಿ ಹಾಕಿದವರೇ ಬರೆದರೆ "ಇವರಿಗೆ ಕಾನೂನು ಗೊತ್ತಿಲ್ಲ" ಎಂದು ತೀರ್ಮಾನ.

ಇನ್ನೊಂದು, ಇಂಟರ್‌ವ್ಯೂ. "ಒಂದು ಸಂದರ್ಭ ಹೇಳಿ, ಆಗ ನೀವು ಏನು ಮಾಡಿದಿರಿ?" ಎಂದು ಕೇಳುತ್ತಾರೆ. ನಮ್ಮವರು "ನಾವೆಲ್ಲ ಸೇರಿ ಮಾಡಿದೆವು" ಅಂತ ಶುರು ಮಾಡುತ್ತಾರೆ. 'ನಾನು ಮಾಡಿದೆ' ಅನ್ನುವುದು ಜಂಬ ಎಂದು ಮನೆಯಲ್ಲಿ ಕಲಿತದ್ದು, ಬಾಯಿಗೆ ಬರುವುದಿಲ್ಲ. ಅಲ್ಲಿ ಕೂತವರು ಎಣಿಸುವುದು 'ನಾನು'ಗಳನ್ನೇ. ನನ್ನ ಹತ್ತಿರ ಅಭ್ಯಾಸಕ್ಕೆ ಬಂದವರಿಗೆ ಒಂದೇ ಕಥೆಯನ್ನು ಮೂರು ಸಲ ಹೇಳಿಸುತ್ತೇನೆ. ಮೂರನೇ ಸಲ 'ನಾವು' ಎರಡಕ್ಕಿಂತ ಜಾಸ್ತಿ ಬಂದರೆ ಕಾಫಿ ಅವರ ಖರ್ಚು.

ಹಾಸನದ ಚಿಕ್ಕಪ್ಪನ ಮಗಳು ಎರಡು ವರ್ಷದಿಂದ ಬೆಳ್ಳಂದೂರಿನ ಒಂದು ಆಫೀಸಿನಲ್ಲಿದ್ದಾಳೆ, ಯುಕೆ ಟೀಮಿನಲ್ಲಿ. ಮೊನ್ನೆ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದ್ದಳು. ಲೀಡ್ಸ್‌ನಲ್ಲಿ ಒಂದು ವಿಭಾಗವನ್ನು ಬೇರೆ ಕಂಪನಿ ಕೊಳ್ಳುತ್ತಿದೆಯಂತೆ, ಅಲ್ಲಿಯ ನೌಕರರಿಗೆಲ್ಲ ಇವಳು ಪತ್ರ ತಯಾರಿಸಬೇಕು. "ಅಣ್ಣ, ಕಂಪನಿ ಕೈ ಬದಲಾದರೂ ಇವರ ಹಳೇ ಸರ್ವೀಸ್ ಹಾಗೇ ಲೆಕ್ಕಕ್ಕೆ ಬರುತ್ತೆ ಅಲ್ವಾ?" ಅಂತ ಕೇಳಿದಳು. ಬರುತ್ತೆ, 2006ರ ನಿಯಮ, ಟ್ಯೂಪಿ ಅಂತಾರೆ ಅಂದೆ. "ಅದು ಗೊತ್ತು. ರಜೆ ಬಾಕಿ ಇರೋದನ್ನ ಯಾವ ಪ್ಯಾರಾದಲ್ಲಿ ಹಾಕಲಿ, ಅದು ಹೇಳು" ಅಂದಳು. ನನಗೆ ಗೊತ್ತಿರಲಿಲ್ಲ. ಹಿಂದಿನಿಂದ ಅವಳಪ್ಪನ ದನಿ ಕೇಳಿಸಿತು: "ಲಂಡನ್ ವಿಷಯ ಕೇಳಿದ್ಯಾ?" "ಅದನ್ನೇ ಕೇಳ್ತಿದೀನಪ್ಪ" ಅಂದಳು ಅವಳು.